ಉಪ್ಪಿಗೆ ಹೋದವನಿಗೆ ನೋಟಿಸು

ಆ ಮನೆಯಲ್ಲಿ ಉಪ್ಪು ಮುಗಿಯುವ ಮೊದಲೇ ಉಪ್ಪು ಬರುತ್ತಿತ್ತು. ಸಕ್ಕರೆ ಮುಗಿದರೆ ಸಪ್ಪೆ ಚಹಾ ಕುಡಿಯುತ್ತಿದ್ದರು, ಸೋಪು ಮುಗಿದರೆ ಸವೆದ ಚೂರುಗಳನ್ನು ಒತ್ತಿ ಒಂದು ಮಾಡುತ್ತಿದ್ದರು. ಆದರೆ ಉಪ್ಪಿನ ಡಬ್ಬಿ ಅರ್ಧಕ್ಕಿಳಿದರೆ ಸಾಕು, ಸೊಸೆ ಕೆಲಸದಿಂದ ಬರುವಾಗ ಎರಡು ಪ್ಯಾಕೆಟ್ಟು ಹಿಡಿದು ಬರುತ್ತಿದ್ದಳು. 'ಹೋಗಿ ಉಪ್ಪು ತಗೊಂಡು ಬಾ' ಎಂದು ಒಬ್ಬರು ಇನ್ನೊಬ್ಬರಿಗೆ ಹೇಳುವ ಪ್ರಸಂಗ ಬರಕೂಡದು ಎಂಬುದು ಯಾರೂ ಬಾಯಿಬಿಟ್ಟು ಹೇಳದ ಕಟ್ಟಳೆ. ನಾಲ್ಕು ವರ್ಷದ ಹಿಂದೆ, ಒಲೆಯ ಮೇಲೆ ಬೇಳೆ ಕುದಿಯುತ್ತಿದ್ದಾಗ, ಅವಳ ಗಂಡ, ಮನೆಯ ಅಜ್ಜಿಯ ಹಿರಿಯ ಮಗ, 'ಉಪ್ಪು ತರ್ತೀನಿ' ಎಂದು ಚಪ್ಪಲಿ ಮೆಟ್ಟಿ ಹೋದವನು ಬಂದಿರಲಿಲ್ಲ.

ಸತ್ತಿದ್ದರೆ ಅತ್ತು ಮುಗಿಸಬಹುದಿತ್ತು. ಅವನು ಗಟ್ಟಿಮುಟ್ಟಾಗಿ ಲಾರಿ ಓಡಿಸಿಕೊಂಡಿದ್ದ. ಅಲ್ಲಿ ಕಂಡ, ಇಲ್ಲಿ ಕಂಡ, ಮೈ ಕೈ ತುಂಬಿಕೊಂಡಿದ್ದಾನೆ ಎಂದು ಅವರಿವರು ಹೇಳುತ್ತಿದ್ದರು. ಯಾಕೆ ಹೋದ ಎಂಬುದಕ್ಕೆ ಮೊದಮೊದಲು ಹತ್ತು ಜನ ಹತ್ತು ಕಾರಣ ಹುಡುಕಿದರು. ಒಂದೂ ಸರಿಹೊಂದದೆ, ಕೇಳುವವರೂ ಸುಮ್ಮನಾದರು, ಹೇಳುವವರೂ ಸುಮ್ಮನಾದರು. ಮನೆಯಲ್ಲಿ ಅವನಿಗೆ ಉಳಿದದ್ದು ಒಂದು ಅಡ್ಡಹೆಸರು: ಉಪ್ಪಿಗೆ ಹೋದವನು. ಇಟ್ಟವಳು ಅವನ ಮಗಳೇ.

ಆ ಮಗಳಿಗೆ ಈಗ ಹದಿನಾರು. ಕೈಗೆ ಕಬ್ಬಿಣ ಸಿಕ್ಕರೆ ಊಟ ಮರೆಯುವ ಹುಡುಗಿ. ಅಜ್ಜಿಯ ಬಕೆಟ್ಟಿನ ಹಿಡಿ ಕಿತ್ತುಬಂದಾಗ ಶಾಲೆಯ ವರ್ಕ್‌ಶಾಪಿಗೆ ಹೊತ್ತುಕೊಂಡು ಹೋಗಿ ಬೆಸುಗೆ ಹಾಕಿ ತಂದಿದ್ದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಆಯುಷ್ಯವೆಲ್ಲ ಚಾದರ ಒಗೆದು ನಿವೃತ್ತಳಾದ ಅಜ್ಜಿ, ಅಂಥ ಗಟ್ಟಿ ಹಿಡಿಯ ಬಕೆಟ್ಟು ತಾನು ಸರ್ಕಾರಿ ಕೆಲಸದಲ್ಲೂ ಕಂಡಿರಲಿಲ್ಲ ಎಂದು ಬೀದಿಗೆಲ್ಲ ಸಾರಿದ್ದಳು. ಹಡಗು ಕಟ್ಟುವ ಕಾರ್ಖಾನೆಯೊಂದರ ವಸತಿ ಶಾಲೆ ಹುಡುಗಿಗೆ ಸೀಟು ಕೊಟ್ಟಿತ್ತು. ಸೇರಲು ತಂದೆ ತಾಯಿ ಇಬ್ಬರ ಸಹಿಯೂ ಬೇಕು. ಇಲ್ಲದಿದ್ದರೆ, ತಾಯಿಯೊಬ್ಬಳೇ ಸಹಿ ಹಾಕಬಹುದು ಎಂಬ ಕೋರ್ಟಿನ ಆದೇಶ ಬೇಕು.

"ನಾಳೆ ಅರ್ಜಿ ಕೊಡ್ತಿದ್ದೀನಿ," ಎಂದಳು ಸೊಸೆ ರಾತ್ರಿಯೂಟಕ್ಕೆ ಬಡಿಸುತ್ತ. ಶಾಲಾ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ದಿನವಿಡೀ ಕಾಲರು ಕೂಡಿಸುವವಳು. ಮಾತನ್ನೂ ಹಾಗೇ ಚುಟುಕಾಗಿ ಹೊಲಿದು ಕತ್ತರಿಸುತ್ತಿದ್ದಳು.

"ವಕೀಲರು ಯಾರು ಅತ್ತಿಗೆ?" ಎಂದ ಅಜ್ಜಿಯ ಕಿರಿಯ ಮಗ. ಬೀದಿಯ ತುದಿಯಲ್ಲಿ ಅವನದು ಎರಡು ಕುರ್ಚಿಯ ಕಟಿಂಗ್ ಅಂಗಡಿ.

"ವಕೀಲರಿಗೆ ಕೊಡೋಕೆ ನನ್ನ ಹತ್ರ ಕಾಲರು ಬಿಟ್ರೆ ಇನ್ನೇನಿದೆ? ಇವಳೇ ಓದಿ ಹೇಳ್ತಾಳೆ."

ಹುಡುಗಿ ತಟ್ಟೆಯ ಪಕ್ಕದಲ್ಲೇ 'ವಕೀಲರಿಲ್ಲದವರಿಗೆ ಸೂಚನೆಗಳು' ಎಂಬ ಹಾಳೆ ಹರಡಿಕೊಂಡಿದ್ದಳು. ಅದರ ಮೂಲೆಗೆ ಆಗಲೇ ಆಲೂಗಡ್ಡೆ ಮೆತ್ತಿತ್ತು.

"ಬಟ್ಟೆ ಕೊಳೆಯಾದ್ರೆ ಮನೇಲೇ ಒಗೆದುಕೊಳ್ಳೋದು ಒಳ್ಳೇದು ಅತ್ತಿಗೆ. ಬೀದಿಯಲ್ಲಿ ಯಾಕೆ?"

"ಒಗೆಯೋಣ. ಬಟ್ಟೆ ಬಿಚ್ಚಿ ಕೊಡೋಕೆ ಅವರು ಎಲ್ಲಿದ್ದಾರೆ ಹೇಳಪ್ಪ."

ಅಜ್ಜಿಗೆ ತುತ್ತು ಇಳಿಯಲಿಲ್ಲ. "ಕೇಸು ಅಂದ್ರೆ ಅವನನ್ನ ಹಿಡಿದುಕೊಂಡು ಹೋಗ್ತಾರೇನೇ?"

"ಯಾರೂ ಹಿಡಿಯಲ್ಲ ಅಜ್ಜಿ," ಎಂದಳು ಮೊಮ್ಮಗಳು. "ಅಮ್ಮ ಹೀಗೆ ಕೇಳ್ತಿದ್ದಾಳೆ, ನಿನ್ನದೇನಾದ್ರೂ ಮಾತಿದ್ರೆ ಬಂದು ಹೇಳು ಅಂತ ಒಂದು ನೋಟಿಸು. ಅದು ಅವರಿಗೆ ಮುಟ್ಟಬೇಕು, ಅಷ್ಟೇ. ಮುಟ್ಟಿದ ಮೇಲೆ ಅವರು ಬರಲಿ ಬಿಡಲಿ, ಜಡ್ಜು ಮುಂದುವರಿಸ್ತಾರೆ. ಮುಟ್ಟಲಿಲ್ವಾ, ಕೇಸು ಇದ್ದಲ್ಲೇ ಇರುತ್ತೆ."

"ಅಷ್ಟೇ ತಾನೇ? ನಿಮ್ಮಮ್ಮನೇ ಹುಡುಕಿ ಕೊಟ್ಟು ಬರಲಿ."

"ಕೇಸು ಹಾಕಿದವರು ತಾವೇ ಕೊಡಬಾರದಂತೆ. ಕೋರ್ಟಿನ ಅಮೀನರು ಮನೆಗೆ ಬಂದು ಕೊಡ್ತಾರೆ." ಹುಡುಗಿ ಪೆನ್ನು ತೆಗೆದಳು. "ಎದುರುದಾರರ ವಿಳಾಸ?"

"ಇದೇ ಮನೆ ಬರಿ. ಅವರ ಲೈಸೆನ್ಸಲ್ಲೂ ಇದೇ ಇದೆ. ಕಾಗದಪತ್ರ ಈಗಲೂ ಇಲ್ಲಿಗೇ ಬರುತ್ತೆ."

"ಈಗ ಎಲ್ಲಿದ್ದಾರೆ ಅಂತ ಬೇರೆ ಕೇಳಿದ್ದಾರೆ."

"ತಿಳಿದಿಲ್ಲ ಅಂತ ಬರಿ."

ಹುಡುಗಿ ಬರೆದಳು. ಅಜ್ಜಿ ತಟ್ಟೆ ನೋಡಿದಳು. ಕಿರಿಯ ಮಗ ನೀರಿನ ಲೋಟ ನೋಡಿದ. ತಾಯಿ ಮಗ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ತಂದೆ ಅನ್ನೋ ಕಾಲಮ್ಮು ಮಾತ್ರ ನಗು ಬರಿಸುತ್ತೆ," ಎಂದಳು ಹುಡುಗಿ. "ಅಂಗಡಿಗೆ ಹೋಗಿ ಬಂದೋರನ್ನ ತಂದ್ರಾ ಅಂದ್ರೆ 'ತಂದೆ' ಅಂತಾರೆ. ಇವರು ಯಾವತ್ತಾದ್ರೂ ಹಾಗಂದಿದ್ದಾರಾ ಅಜ್ಜಿ?"

"ನಾಲಿಗೆ ಕತ್ತರಿಸ್ತೀನಿ ನೋಡು," ಎಂದ ಅಜ್ಜಿಗೆ ತಾನೇ ನಗು ತಡೆಯಲಾಗದೆ ಕೆಮ್ಮು ಬಂತು.

*

ಅಮೀನ ಬಂದಾಗ ಮನೆಯಲ್ಲಿ ಅಜ್ಜಿ ಒಬ್ಬಳೇ. ಬೀದಿಯವರ ಷರ್ಟುಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಬೆವರು ಸುರಿಸುತ್ತ ಬಾಗಿಲಲ್ಲಿ ನಿಂತ ಆ ದಪ್ಪ ಮನುಷ್ಯ, ಕಂಕುಳಲ್ಲಿದ್ದ ಚೀಲದಿಂದ ಲಕೋಟೆ ತೆಗೆಯುತ್ತ ಕೇಳಿದ:

"ಮನೆಯವರು ಇದ್ದಾರಾ?"

"ನಮ್ಮನೆಯವರು ತೀರಿಕೊಂಡು ಬಹಳ ವರ್ಷ ಆಯ್ತಪ್ಪ."

ಅವನು ತಬ್ಬಿಬ್ಬಾದ. "ಅಲ್ಲಮ್ಮ, ನಿಮ್ಮ ಯಜಮಾನರನ್ನಲ್ಲ ಕೇಳಿದ್ದು. ಈ ಹೆಸರಿನವರ ಮನೆಯವರು." ಹೆಸರು ಓದಿದ. ಅಜ್ಜಿಗೆ ಆ ಹೆಸರನ್ನು ಹೊರಗಿನವರ ಬಾಯಲ್ಲಿ ಅಷ್ಟು ಗಟ್ಟಿಯಾಗಿ ಕೇಳಿ ಎಷ್ಟೋ ಕಾಲವಾಗಿತ್ತು.

"ನಿಮಗೇನಾಗಬೇಕು ಅವರು?"

"ಮಗ. ಹಿರಿಯವನು."

"ಸರಿ ಹಾಗಾದ್ರೆ. ಅವರು ಸಿಗದಿದ್ರೂ ಪರವಾಗಿಲ್ಲ. ನೀವು ಅವರ ಮನೆಯವರು ತಾನೇ? ಹೌದು ಅಂದ್ರೆ ಇಲ್ಲೊಂದು ಸಹಿ ಹಾಕಿ, ನಾನು ಹೊರಡ್ತೀನಿ."

ಅಜ್ಜಿ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. ಅರ್ಜಿ ಕೊಟ್ಟಂದಿನಿಂದ ಸೊಸೆ ಅವಳ ಜೊತೆ ಹೆಚ್ಚು ಮಾತಾಡಿರಲಿಲ್ಲ. ಮಾತಾಡಿದಾಗಲೂ 'ನಿಮ್ಮ ಮಗ' ಎಂಬುದನ್ನು ಹಲ್ಲಿನ ಮಧ್ಯೆ ದಾರ ಕಡಿದ ಹಾಗೆ ಹೇಳುತ್ತಿದ್ದಳು. ಕಾಯಿಲೆ ಬಿದ್ದಾಗ ಗಂಜಿ ಕಾಯಿಸಿದವಳು ಇವಳು. ಕಣ್ಣಿನ ಆಪರೇಷನ್ನಿಗೆ ಕೈ ಹಿಡಿದು ಕರೆದೊಯ್ದವಳು ಇವಳು. ಈಗ ಕೋರ್ಟಿನವನು ಮನೆಬಾಗಿಲಿಗೆ ಬಂದು ನೀನು ಯಾರ ಕಡೆ ಎಂದು ಕೇಳುತ್ತಿದ್ದಾನೆ. ಹಾಗೆಂದೇ ಅಜ್ಜಿ ತಿಳಿದಳು.

"ಅಲ್ಲ," ಎಂದಳು. "ನಾನು ಅವನ ಮನೆಯವಳಲ್ಲ."

"ಅಲ್ಲಮ್ಮ, ತಾಯಿ ಅಂದ್ರಿ..."

"ತಾಯಿ ಹೌದು. ಆದ್ರೆ ಅವನು ಈ ಮನೆಯವನಲ್ಲ. ಉಪ್ಪು ತರ್ತೀನಿ ಅಂತ ಹೋಗಿ ಒಲೆ ಮೇಲಿನ ಬೇಳೆ ಸೀದು ಹೋದ್ರೂ ಬರದೋನು ಮನೆಯವನು ಹೇಗಾಗ್ತಾನೆ? ನಾನು ನನ್ನ ಸೊಸೆ ಮನೆಯವಳು. ಬರ್ಕೊಳ್ಳಿ."

ಅಮೀನ ಗೋಡೆಗೆ ಹಾಳೆ ಒತ್ತಿ ಹಿಡಿದು ಬರೆದುಕೊಂಡ, ನೀರು ಕೇಳಿ ಕುಡಿದ, ಹೋದ.

ಅಂದು ಸಂಜೆ ಅಜ್ಜಿ ಮೊಟ್ಟೆ ಬೇಯಿಸಿ ಸೊಸೆಯ ತಟ್ಟೆಗೆ ಒಂದು ಹೆಚ್ಚಾಗಿ ಇಟ್ಟಳು. ಏನು ವಿಶೇಷ ಎಂದು ಸೊಸೆ ಕೇಳಿದ್ದಕ್ಕೆ, "ಗೊತ್ತಾಗುತ್ತೆ ತಿನ್ನು," ಎಂದಳು.

ಗೊತ್ತಾದದ್ದು ಮುಂದಿನ ವಾರ, ಕೋರ್ಟಿನಲ್ಲಿ ವಕೀಲರಿಲ್ಲದವರಿಗೆಂದು ಇಟ್ಟ ಕೌಂಟರಿನ ಮುಂದೆ. ಅಲ್ಲಿ ಕೂತಾಕೆಯ ಕನ್ನಡಕ ಸರದಲ್ಲಿ ಜೋತಾಡುತ್ತಿತ್ತು. ಅದನ್ನೇರಿಸಿ, ಅಮೀನನ ಬರಹವನ್ನು ಓದಿ, ಮತ್ತೆ ಇಳಿಸಿ, ಹುಡುಗಿಯ ಕಡೆ ತಳ್ಳಿದಳು. ಹುಡುಗಿ ಜೋರಾಗಿ ಓದಿದಳು: "ಎದುರುದಾರರು ಸದರಿ ಮನೆಯವರಲ್ಲ, ತಾನು ಅವರ ಮನೆಯವಳಲ್ಲ, ಸೊಸೆಯ ಮನೆಯವಳು ಎಂದು ಅವರ ತಾಯಿಯೇ ತಿಳಿಸಿ ಸಹಿ ಹಾಕಲು ನಿರಾಕರಿಸಿದ್ದರಿಂದ ನೋಟಿಸನ್ನು ಹಿಂತಿರುಗಿಸಿದೆ."

"ವಿಳಾಸ ಅವರದೇ," ಎಂದಳು ಕೌಂಟರಿನಾಕೆ. "ಅಲ್ಲಿ ಅವರ ಮನೆಯವರು ಅಂತ ದೊಡ್ಡವರೊಬ್ಬರು ಸಹಿ ಹಾಕಿದ್ರೆ ಅವರಿಗೆ ಮುಟ್ಟಿದ ಹಾಗೇ ಆಗ್ತಿತ್ತು. ಈಗ ಆ ವಿಳಾಸ ಕೆಟ್ಟಿತು. ಮತ್ತೆ ಅಲ್ಲಿಗೆ ಕಳಿಸೋಕಾಗಲ್ಲ."

ಅಜ್ಜಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ನಾನು ಹೌದು ಅಂದಿದ್ರೆ..."

"ಮುಗೀತಿತ್ತು ಅಜ್ಜಿ," ಎಂದಳು ಮೊಮ್ಮಗಳು. "ಹೌದು ಅನ್ನೋ ಎರಡಕ್ಷರ."

ಹೊರಗೆ ಬಂದು ಮೆಟ್ಟಿಲ ಮೇಲೆ ಮೂವರೂ ಕೂತರು. ಸೊಸೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದು ಅಜ್ಜಿ ಅವಳ ಬೆನ್ನ ಮೇಲೆ ಕೈಯಿಟ್ಟಳು. ಬೆನ್ನು ಕುಲುಕುತ್ತಿತ್ತು. ನಗು.

"ಮದುವೆಯಾಗಿ ಬಂದಾಗಿಂದ ಕಾದಿದ್ದೀನಿ ಅತ್ತೆ," ಎಂದಳು ಸೊಸೆ, ಕಣ್ಣೊರೆಸಿಕೊಂಡು. "ನೀನು ನಮ್ಮನೆಯವಳು ಅಂತ ಒಂದು ದಿನ ಬಾಯ್ತುಂಬ ಅಂದವರಲ್ಲ ನೀವು. ಅನ್ನೋದೇ ಅಂದ್ರಿ, ಆ ಅಮೀನನ ಮುಂದೆ ಅನ್ನಬೇಕಿತ್ತಾ?"

*

ಕೌಂಟರಿನಾಕೆ ಬೇರೆ ದಾರಿ ಹೇಳಿದ್ದಳು. ಕೇಸಿನಲ್ಲಿ ಹೆಸರಿಲ್ಲದ, ಹದಿನೆಂಟು ತುಂಬಿದ ಯಾರು ಬೇಕಾದರೂ ನೋಟಿಸನ್ನು ಕೈಯಿಂದ ಕೈಗೆ ಕೊಡಬಹುದು. ಹೆಸರು ಕೇಳಿ ಖಚಿತ ಮಾಡಿಕೊಂಡು, ಇದು ಇಂಥ ಕಾಗದ ಎಂದು ಹೇಳಿ ಕೊಡಬೇಕು. ತೆಗೆದುಕೊಳ್ಳದಿದ್ದರೆ ಎದುರಿಗೇ ಇಟ್ಟು ಬಂದರೂ ನಡೆಯುತ್ತದೆ. ಆಮೇಲೆ ಬಂದು ಪ್ರಮಾಣ ಮಾಡಿ ಬರೆದುಕೊಡಬೇಕು.

ಸೊಸೆಯ ಕಾರ್ಖಾನೆಯಲ್ಲಿ ಗುಂಡಿ ಹಾಕುವವಳೊಬ್ಬಳು ಧೈರ್ಯವಂತೆ. ಅವನು ಲಾರಿ ನಿಲ್ಲಿಸುತ್ತಾನೆಂದು ಯಾರೋ ಹೇಳಿದ ಶೆಡ್ಡಿಗೆ ಅವಳು ಹೋದಳು. ಲಾರಿಯ ಈ ಕಡೆಯ ಬಾಗಿಲ ಹತ್ತಿರ ನಿಂತು ಹೆಸರು ಕೂಗಿದ್ದಕ್ಕೆ ಅವನು ಆ ಕಡೆಯ ಬಾಗಿಲಿಂದ ಇಳಿದು, ಡೀಸೆಲ್ ಪೀಪಾಯಿಗಳ ಹಿಂದೆ ಮಾಯವಾದನಂತೆ. ಮತ್ತೊಮ್ಮೆ ಹೋದಾಗ ಶೆಡ್ಡಿನವರೇ ನಕ್ಕು, ಅವನು ಆ ರೂಟು ಬಿಟ್ಟ ಎಂದರು. ಫೋನು ಮೊದಲೇ ಸತ್ತಿತ್ತು.

"ಇಷ್ಟು ಚುರುಕು ಮನೇಲಿದ್ದಾಗ ಇರಲಿಲ್ಲ ನಿಮ್ಮ ಮಗನಿಗೆ," ಎಂದಳು ಸೊಸೆ. "ಕೂತಲ್ಲಿಗೇ ನೀರು ಬೇಕಿತ್ತು."

"ಇನ್ನೇನು ದಾರಿ?" ಎಂದ ಕಿರಿಯವನು.

"ಪೇಪರಲ್ಲಿ ಹಾಕಿಸೋದಂತೆ. ಅದಕ್ಕೆ ಬೇರೆ ಅರ್ಜಿ, ಬೇರೆ ತಾರೀಕು. ಅಷ್ಟರಲ್ಲಿ ಶಾಲೆ ಶುರುವಾಗಿರುತ್ತೆ."

"ಬರೋ ವರ್ಷ ನೋಡೋಣ ಬಿಡಮ್ಮ," ಎಂದಳು ಹುಡುಗಿ ಬ್ರೆಡ್ಡು ಮುರಿಯುತ್ತ.

"ಬರೋ ವರ್ಷ ಸೀಟು ಇಟ್ಟುಕೊಂಡು ಕಾಯ್ತಾರಾ ನಿನಗೆ?"

"ಕಾಯದಿದ್ರೆ ಕಾಲರು ಹೊಲಿಯೋದು ಕಲಿಸು."

ಸೊಸೆ ಕೈಯಲ್ಲಿದ್ದ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು.

ಮರುದಿನ ಬೆಳಗ್ಗೆ ಅಜ್ಜಿ ಬಟ್ಟೆ ನೆನೆಹಾಕಲು ಹೋದಾಗ ಮೊಮ್ಮಗಳ ಬೆಸುಗೆಯ ಕೈಗವಸುಗಳು ಕಸದ ಡಬ್ಬಿಯ ಪಕ್ಕ ಬಿದ್ದಿದ್ದವು. ದಪ್ಪ ಚರ್ಮದವು, ಹೆಬ್ಬೆರಳ ಹತ್ತಿರ ಸುಟ್ಟು ಕಪ್ಪಾದವು. ಅಜ್ಜಿ ಅವುಗಳನ್ನು ಎತ್ತಿ ಕೊಡವಿದಳು. ಬಕೆಟ್ಟಿಗೆ ನೀರು ತುಂಬಿ ಎತ್ತಿದಳು. ಹಿಡಿ ಒಂದು ಚೂರೂ ಅಲುಗಲಿಲ್ಲ.

ಆ ಸಂಜೆ ಎಲ್ಲರೂ ಊಟಕ್ಕೆ ಕೂತ ಮೇಲೆ ಕೇಳಿದಳು: "ಯಾರು ಬೇಕಾದ್ರೂ ಕೊಡಬಹುದು ಅಂದ್ರಲ್ಲ, ಕೇಸಲ್ಲಿ ಹೆಸರಿರಬಾರದು ತಾನೇ?"

"ಹೂಂ."

"ನನ್ನ ಹೆಸರಿಲ್ಲ. ಹದಿನೆಂಟೂ ತುಂಬಿದೆ."

ಹುಡುಗಿ ಫಕ್ಕನೆ ನಕ್ಕಳು. ಸೊಸೆ ನಗಲಿಲ್ಲ. "ಕೊಡೋಕೆ ಅವರು ಸಿಗಬೇಕಲ್ಲ ಅತ್ತೆ. ಎಲ್ಲಿ ಹುಡುಕ್ತೀರಿ?"

"ಹುಡುಕೋದೇನು? ಮನುಷ್ಯ ಅಂದ ಮೇಲೆ ಕೂದಲು ಬೆಳೆಯುತ್ತೆ. ಎಲ್ಲಾದ್ರೂ ತಲೆ ಕೊಡಲೇಬೇಕು."

ಕಿರಿಯ ಮಗ ಉಣ್ಣುವುದನ್ನು ನಿಲ್ಲಿಸಿದ. "ಅಮ್ಮ."

ಸೊಸೆ ಅವನನ್ನು ನೋಡಿದಳು, ಅತ್ತೆಯನ್ನು ನೋಡಿದಳು, ಕಪಾಟಿನ ಮೇಲಿದ್ದ ಚಹಾದ ಫ್ಲಾಸ್ಕನ್ನು ನೋಡಿದಳು. ಅಜ್ಜಿ ದಿನಾ ಸಂಜೆ ಕಿರಿಯ ಮಗನ ಅಂಗಡಿಗೆ ಕೊಂಡೊಯ್ಯುತ್ತಿದ್ದ ಫ್ಲಾಸ್ಕು.

"ಕೆಲವು ದಿನ ಒಂದು ಲೋಟ ಜಾಸ್ತಿ ಹಾಕ್ಕೊಂಡು ಹೋಗ್ತಿದ್ರಿ," ಎಂದಳು ನಿಧಾನವಾಗಿ. "ಗಿರಾಕಿಗೆ ಅಂದುಕೊಂಡಿದ್ದೆ ನಾನು."

"ಗಿರಾಕಿಗೇ," ಎಂದ ಕಿರಿಯವನು.

"ಬಾಯ್ಮುಚ್ಚು ನೀನು. ತಿಳಿದಿಲ್ಲ ಅಂತ ನಾನು ಬರೆಸಿದಾಗ ಇಬ್ಬರೂ ಇಲ್ಲೇ ಕೂತು ಉಣ್ತಿದ್ರಿ. ನಾನು ಕೋರ್ಟಲ್ಲಿ ಪ್ರಮಾಣ ಮಾಡಿ ಬಂದೆ. ಆ ಗುಂಡಿ ಹಾಕೋಳು ಪಾಪ, ಪೀಪಾಯಿ ಮಧ್ಯೆ ಓಡಾಡಿ ಸೀರೆ ಹಾಳು ಮಾಡ್ಕೊಂಡ್ಲು. ಆಗಲೂ ಉಣ್ತಿದ್ರಿ."

"ಅವನು ನನ್ನಣ್ಣ ಅತ್ತಿಗೆ. ನನ್ನ ಕುರ್ಚೀಲಿ ಕೂತು ತಲೆ ಬಗ್ಗಿಸಿದೋನ ಕುತ್ತಿಗೆ ನನ್ನ ಕೈಲಿರುತ್ತೆ. ಅಂಥೋನನ್ನ ಹಿಡಿದುಕೊಡೋದು ನನ್ನಿಂದಾಗಲ್ಲ."

"ನನ್ನ ಮಗಳ ಕುತ್ತಿಗೆ ಯಾರ ಕೈಲಿದೆ?"

ಅಜ್ಜಿ ಇಬ್ಬರ ನಡುವೆ ಕೈ ಚಾಚಿ ಉಪ್ಪಿನ ಡಬ್ಬಿ ತೆಗೆದುಕೊಂಡಳು. ಬೇಕಿರಲಿಲ್ಲ. ಸುಮ್ಮನೆ ಹಿಡಿದುಕೊಂಡು ಕೂತಳು. "ಬೈಯೋದಿದ್ರೆ ನನ್ನನ್ನ ಬೈ. ನಿನಗೆ ಹೇಳಬೇಡ ಅಂತ ಇವನಿಗೆ ಅಂದಿದ್ದು ನಾನು. ಹೇಳಿದ್ರೆ ದೊಡ್ಡವನು ಅಲ್ಲಿಗೂ ಬರೋದು ಬಿಡ್ತಾನೆ ಅಂತ."

"ಈಗ ನೀನೇ ಹೋಗಿ ಇದನ್ನ ಕೊಟ್ರೆ ಬಿಡಲ್ವಾ?" ಎಂದ ಕಿರಿಯವನು. "ಮತ್ತೆ ಆ ಬಾಗಿಲು ತುಳಿಯಲ್ಲ ಅವನು."

"ಗೊತ್ತು."

ಹುಡುಗಿ ಎದ್ದು ಒಳಗೆ ಹೋಗಿ ಲಕೋಟೆ ತಂದಳು. ಅಮೀನನ ಚೀಲದಲ್ಲಿ, ಗುಂಡಿಯವಳ ಬ್ಯಾಗಿನಲ್ಲಿ ಅಲೆದು ಅದು ಮುದುರಿ ಮುದ್ದೆಯಾಗಿತ್ತು. ಅಜ್ಜಿ ಮೇಲೊಂದು ಬಟ್ಟೆ ಹಾಸಿ, ಹದವಾದ ಕಾವಿನಲ್ಲಿ ಅದಕ್ಕೆ ಇಸ್ತ್ರಿ ಹಾಕಿದಳು. ದಿಂಬಿನ ಚೀಲವೊಂದರಲ್ಲಿಟ್ಟು, ಚೀಲದ ಬಾಯಿ ಮಡಿಚಿದಳು. ಸೊಸೆ ಬಾಗಿಲಿಗೊರಗಿ ನೋಡುತ್ತಿದ್ದಳು.

*

ಅವನು ಬರುವವರೆಗೆ ಅಜ್ಜಿ ದಿನಾ ಹೋಗಿ ಅಂಗಡಿಯ ಬೆಂಚಿನ ಮೇಲೆ ಕೂತಳು. ಕಿರಿಯ ಮಗ ಅವಳನ್ನು ಮಾತಾಡಿಸಲಿಲ್ಲ, ಹೋಗು ಎನ್ನಲೂ ಇಲ್ಲ. ಗಿರಾಕಿಗಳು ಬಂದರು, ಹೋದರು. ಪೌಡರಿನ ವಾಸನೆ, ಕತ್ತರಿಯ ಕಚಕಚ, ಮೂಲೆಯಲ್ಲಿ ಕೂದಲ ಗುಡ್ಡೆ.

ಅವನು ಎಂದಿನಂತೆ ಹಿಂಬಾಗಿಲಿಂದ ಬಂದ, ಬೇರೆ ಗಿರಾಕಿಗಳಿಲ್ಲದ ಹೊತ್ತು ನೋಡಿ.

"ಚಹಾ ಇದೆಯೇನಮ್ಮ?"

ಅಜ್ಜಿ ಬಗ್ಗಿಸಿ ಕೊಟ್ಟಳು. ನಿಂತೇ ಕುಡಿದ. ಕುರ್ಚಿಯಲ್ಲಿ ಕೂತ. ಕಿರಿಯವನು ಬಿಳಿ ಬಟ್ಟೆ ಕೊಡವಿ ಹೊದಿಸಿ ಕುತ್ತಿಗೆಯ ಹಿಂದೆ ಗಂಟು ಹಾಕಿದ.

"ಏನೋ, ಇವತ್ತು ಮಾತೇ ಇಲ್ಲ?" ಎಂದ ಅಣ್ಣ.

"ತಲೆ ಬಗ್ಗಿಸು," ಎಂದ ತಮ್ಮ.

ಎಡಗಡೆ ಪೂರ್ತಿ ಮುಗಿಯುವವರೆಗೆ ಅಜ್ಜಿ ಕಾದಳು. ಅರ್ಧ ತಲೆ ಕತ್ತರಿಸಿಕೊಂಡ ಗಂಡಸು ಬೀದಿಗೆ ಓಡಲಾರ ಎಂಬುದು ಅವಳ ಲೆಕ್ಕ. ಆಮೇಲೆ ಎದ್ದು ಹೋಗಿ ಕುರ್ಚಿಗೂ ಕನ್ನಡಿಗೂ ನಡುವೆ ನಿಂತಳು.

"ನಿನ್ನ ಹೆಸರೇನು?"

ಅವನು ನಕ್ಕ. "ಏನಮ್ಮ, ಅರಳುಮರಳು ಶುರುವಾಯ್ತಾ?"

"ಹೆಸರು ಹೇಳು."

"ಇಟ್ಟೋಳು ನೀನೇ ಅಲ್ವಾ?"

"ಇಟ್ಟೋಳು ನಾನೇ. ಈಗಲೂ ಅದೇನಾ ಅಂತ ಕೇಳ್ತಿದ್ದೀನಿ."

ಅವನು ತಮ್ಮನ ಕಡೆ ನೋಡಿದ. ತಮ್ಮ ಬಾಚಣಿಗೆಯಲ್ಲಿ ಸಿಕ್ಕ ಕೂದಲು ಬಿಡಿಸುತ್ತಿದ್ದ. ಅವನು ಹೆಸರು ಹೇಳಿದ, ಶಾಲೆಯಲ್ಲಿ ಹಾಜರಿ ಹೇಳಿದ ಹಾಗೆ, ತಂದೆಯ ಹೆಸರನ್ನೂ ಸೇರಿಸಿ.

ಅಜ್ಜಿ ದಿಂಬಿನ ಚೀಲದಿಂದ ಲಕೋಟೆ ತೆಗೆದಳು. "ಇದು ಕೋರ್ಟಿನ ಕಾಗದ. ನಿನ್ನ ಹೆಂಡತಿ ಹಾಕಿದ್ದಾಳೆ. ನಿನ್ನ ಕೈಗೆ ಕೊಡೋಕೆ ಬಂದಿದ್ದೀನಿ."

ಹೊದಿಸಿದ ಬಟ್ಟೆಯ ಕೆಳಗೆ ಅವನ ಎರಡೂ ಕೈ ಒಳಕ್ಕೆಳೆದುಕೊಂಡವು. "ನಾನು ಮುಟ್ಟಲ್ಲ."

"ಮಗು ಆಗಿದ್ದಾಗ ಔಷಧಿ ಕಂಡ್ರೂ ಹೀಗೇ ಮಾಡ್ತಿದ್ದೆ."

"ನೀನೇನಾಮ್ಮ ಇದನ್ನ ತರೋದು? ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂದನಲ್ಲ ಯಾವನೋ, ಅವನಿಗೆ ನಿನ್ನಂಥ ತಾಯಿ ಇರಲಿಲ್ಲ."

"ಇರಲಿಕ್ಕಿಲ್ಲ. ಆದ್ರೆ ಅವನು ಉಪ್ಪಿಗೆ ಹೋದ್ರೆ ವಾಪಸ್ಸು ಬರ್ತಿದ್ದ."

ತಮ್ಮನ ಗಂಟಲಿಂದ ನಗುವೋ ಕೆಮ್ಮೋ ಏನೋ ಹೊರಟಿತು. ಅಜ್ಜಿ ಲಕೋಟೆಯನ್ನು ಬಿಳಿ ಬಟ್ಟೆಯ ಮೇಲೆ, ಮಗನ ತೊಡೆಗಳ ನಡುವೆ ಆದ ತಗ್ಗಿನಲ್ಲಿ ಇಟ್ಟಳು. ಕತ್ತರಿಸಿದ ಕೂದಲು ಅದರ ಸುತ್ತ ಚೆಲ್ಲಿತ್ತು. ಅರ್ಧಕ್ಕಿಂತ ಹೆಚ್ಚು ಬಿಳಿ.

ಅವನು ಕನ್ನಡಿಯನ್ನು ನೋಡಿದ. ಅಜ್ಜಿ ಸರಿದು ನಿಂತಿದ್ದಳು, ಅಲ್ಲಿ ಅವನ ಮುಖವೇ ಇತ್ತು, ಒಂದು ಕಡೆ ಒಪ್ಪ, ಒಂದು ಕಡೆ ಪೊದೆ.

"ವಾಪಸ್ಸು ಬಾ ಅಂತ ಹಾಕಿದ್ದಾಳಾ?"

"ಇಲ್ಲ."

"ಮತ್ತೆ ದುಡ್ಡಾ?"

"ಅದೂ ಇಲ್ಲ. ನಿನ್ನ ಮಗಳು ಬೆಸುಗೆ ಕೆಲಸ ಕಲಿಯೋಕೆ ಹೋಗ್ತಾಳಂತೆ, ಹಡಗಿನ ಶಾಲೆಗೆ. ಅದಕ್ಕೆ ತಾನೊಬ್ಬಳೇ ಸಹಿ ಹಾಕ್ತೀನಿ ಅಂತ ಕೇಳಿದ್ದಾಳೆ."

"ಅಷ್ಟೇನಾ?"

"ಅಷ್ಟೇ."

"ನನ್ನನ್ನೇನೂ ಕೇಳಿಲ್ವಾ?"

"ನಿನ್ನನ್ನ ಕೇಳಿಲ್ಲ ಕಣಪ್ಪ," ಎಂದಳು ಅಜ್ಜಿ. ಬೈದು ಹೇಳಬೇಕೆಂದುಕೊಂಡಿದ್ದ ಮಾತು. ಹೇಳುವಾಗ ಜ್ವರ ಬಂದ ಮಗುವಿಗೆ ಹೇಳಿದಂತೆ ಬಂತು.

ಅವನು ತಲೆ ಬಗ್ಗಿಸಿದ. ಕಿರಿಯವನು ಬಲಗಡೆಯನ್ನು ಮುಗಿಸಿದ, ಕುತ್ತಿಗೆಗೆ ನೀರು ಚಿಮುಕಿಸಿ ಕತ್ತಿ ಆಡಿಸಿದ, ಬಟ್ಟೆಯ ಗಂಟು ಬಿಚ್ಚಿದ. ಎದ್ದಾಗ ಲಕೋಟೆ ಜಾರಿ ನೆಲದ ಕೂದಲ ಮೇಲೆ ಬಿತ್ತು. ಅವನು ಅದನ್ನು ದಾಟಿ ಹಿಂಬಾಗಿಲವರೆಗೆ ಹೋದ. ಚಿಲಕಕ್ಕೆ ಕೈಯಿಟ್ಟವನು ತಿರುಗಿ ಬಂದು, ಬಗ್ಗಿ ಎತ್ತಿ, ಅಂಟಿದ ಕೂದಲನ್ನು ಪ್ಯಾಂಟಿಗೆ ಒರೆಸಿದ.

"ಬೆಸುಗೆನಾ?" ಎಂದ. "ಕಣ್ಣು ಜೋಪಾನ ಅನ್ನು ಅವಳಿಗೆ."

ಬಾಗಿಲು ಮುಚ್ಚಿತು. ಅಜ್ಜಿ ಮೂಲೆಯ ಪೊರಕೆ ತೆಗೆದುಕೊಂಡು ನೆಲ ಗುಡಿಸಿದಳು.

*

"ಅವರ ಹೆಸರು ಕೇಳಿದ್ರಾ?" ಎಂದಳು ಕೌಂಟರಿನಾಕೆ, ಬರೆದುಕೊಳ್ಳುತ್ತ.

"ಕೇಳಿದೆ."

"ಅದು ಅವರೇ ಅಂತ ನಿಮಗೆ ಹೇಗೆ ಖಚಿತವಾಯ್ತು? ಇಲ್ಲಿ ಬರೀಬೇಕು."

ಅಜ್ಜಿ ಯೋಚಿಸಿದಳು. ಹೆತ್ತೆ ಎನ್ನಬಹುದಿತ್ತು. ಅದಕ್ಕಿಂತ ಹತ್ತಿರದ್ದು ಬಾಯಿಗೆ ಬಂತು. "ಚಹಾ ಕುಡಿದ ಮೇಲೆ ಲೋಟದ ತಳಕ್ಕೆ ಬೆರಳು ಹಾಕಿ ಸಕ್ಕರೆ ನೆಕ್ತಾನೆ. ಚಿಕ್ಕಂದಿನಿಂದ."

ಕೌಂಟರಿನಾಕೆ ಪೆನ್ನು ನಿಲ್ಲಿಸಿ ನೋಡಿದಳು. "ಮೊದಲಿಂದ ಪರಿಚಯ ಅಂತ ಬರೀತೀನಿ. ಸಂಬಂಧ?"

"ತಾಯಿ."

ಆಕೆ ಕನ್ನಡಕ ಏರಿಸಿ ಹಳೆಯ ಹಾಳೆ ತಿರುವಿದಳು. "ಇಲ್ಲಿ ನೋಡಿದ್ರೆ ನಾನು ಅವರ ಮನೆಯವಳಲ್ಲ ಅಂತ ನೀವೇ ಹೇಳಿದ್ದೀರಿ."

"ಅದೂ ಸುಳ್ಳಲ್ಲ. ಎರಡನ್ನೂ ಇಟ್ಟುಕೊಳ್ಳಿ."

ಆಕೆ ಎರಡನ್ನೂ ಇಟ್ಟುಕೊಂಡಳು. ಮೊಹರು ಬಿತ್ತು. ನೋಟಿಸು ಮುಟ್ಟಿತು ಎಂದು ಬರೆಯಿತು ಕೋರ್ಟು. ವಿಚಾರಣೆಯ ತಾರೀಕು ಶಾಲೆ ಶುರುವಾಗುವ ಮೊದಲೇ ಬಿದ್ದಿತ್ತು. ಅವನು ಬರುತ್ತಾನೋ ಇಲ್ಲವೋ ಯಾರೂ ಹೇಳಲಾರರು. ಇನ್ನು ಬರಲಿ ಬಿಡಲಿ, ಕೆಲಸ ನಿಲ್ಲುವುದಿಲ್ಲ ಎಂದಳು ಕೌಂಟರಿನಾಕೆ.

ಅವನ ಮಾತನ್ನು ಅಜ್ಜಿ ಮೊಮ್ಮಗಳಿಗೆ ಮುಟ್ಟಿಸಿದಳು.

"ಬೆಸುಗೆ ಹಾಕೋರಿಗೆ ಮುಖಕ್ಕೆ ಕವಚ ಇರುತ್ತೆ. ಅದೂ ಗೊತ್ತಿಲ್ವಾ ಅವರಿಗೆ?" ಎಂದಳು ಹುಡುಗಿ. ಆಮೇಲೆ ಅಜ್ಜಿ ತೊಳೆದು ಒಣಗಿಸಿಟ್ಟಿದ್ದ ಕೈಗವಸುಗಳನ್ನು ತೆಗೆದುಕೊಂಡು, ಕೈಗೆ ಹಾಕಿ, ಬೆರಳು ಮಡಿಚಿ ಬಿಚ್ಚಿ ನೋಡುತ್ತ ಬಹಳ ಹೊತ್ತು ಕೂತಿದ್ದಳು.

ಸೊಸೆ ಒಲೆಯ ಮೇಲೆ ಬೇಳೆ ಇಟ್ಟಿದ್ದಳು. ಡಬ್ಬಿ ತೆಗೆದು ಒಳಗೆ ನೋಡಿದಳು. ಈ ವಾರದ ಓಡಾಟದಲ್ಲಿ ಪ್ಯಾಕೆಟ್ಟು ತರುವುದು ತಪ್ಪಿತ್ತು. ತಳದಲ್ಲಿ ಒಂದು ಚಿಟಿಕೆಯೂ ಇರಲಿಲ್ಲ. ಮುಚ್ಚಳವನ್ನು ಸದ್ದಾಗದಂತೆ ಮತ್ತೆ ಮುಚ್ಚಿದಳು.

ಅಜ್ಜಿ ನೋಡಿದ್ದಳು. ಗೂಡಿನಿಂದ ಚಿಲ್ಲರೆ ತೆಗೆದುಕೊಂಡು ಬಾಗಿಲಿಗೆ ಬಂದಳು.

"ಉಪ್ಪು ತರ್ತೀನಿ."

ಕಿರಿಯ ಮಗ ಪೇಪರಿನಿಂದ ತಲೆಯೆತ್ತಿದ. ಹುಡುಗಿಯ ಕೈ ಗವಸಿನೊಳಗೇ ನಿಂತಿತು.

"ನಾನು ಹೋಗ್ತೀನಿ ಬಿಡಿ ಅತ್ತೆ," ಎಂದಳು ಸೊಸೆ.

"ನೀನು ಬೇಳೆ ನೋಡು. ಸೀದು ಹೋದೀತು."

ಬೀದಿಯಲ್ಲಿ ಬೆಳಕಿನ್ನೂ ಇತ್ತು. ಮಗನ ಅಂಗಡಿ ಮುಚ್ಚಿತ್ತು. ಅದರ ಬಾಗಿಲ ಮುಂದೆ ಅಜ್ಜಿ ಕೊಂಚ ನಿಂತಳು, ಮುಂದೆ ನಡೆದಳು. ದಿನಸಿ ಅಂಗಡಿಯವನು ಅಭ್ಯಾಸಬಲದಿಂದ ಎರಡು ಪ್ಯಾಕೆಟ್ಟು ಮುಂದಿಟ್ಟ. ಅಜ್ಜಿ ಒಂದನ್ನು ವಾಪಸ್ಸು ತಳ್ಳಿದಳು. "ಒಂದು ಸಾಕು. ಮುಗಿದ್ರೆ ಬರ್ತೀನಿ."

ತಿರುಗಿ ಬರುವಾಗ ದೂರದಿಂದಲೇ ಕಂಡಿತು. ಸೊಸೆ ಹೊಸ್ತಿಲ ಹೊರಗೆ ನಿಂತು, ಆಗಲೇ ಒಣಗಿದ್ದ ಟವೆಲೊಂದನ್ನು ತಂತಿಯ ಮೇಲೆ ಹರಡುತ್ತಿದ್ದಳು, ತೆಗೆಯುತ್ತಿದ್ದಳು, ಮತ್ತೆ ಹರಡುತ್ತಿದ್ದಳು. ಅವಳ ಹಿಂದೆ ಬಾಗಿಲಲ್ಲಿ ಹುಡುಗಿ, ಕೈಯಲ್ಲಿ ಗವಸು ಹಾಗೇ ಇತ್ತು. ಅಜ್ಜಿ ಗೇಟು ತಳ್ಳಿದಳು.

"ತಂದ್ರಾ ಅತ್ತೆ?"

"ತಂದೆ."